ಹಾಲು ಹಾಕುವವನಿಗೇ ಹಾಲು ಆಗುವುದಿಲ್ಲ

ನಾನು ದಿನಾ ಬೆಳಿಗ್ಗೆ ಡೈರಿಗೆ ಐದು ಲೀಟರ್ ಹಾಲು ಹಾಕುವವ. ಆದರೆ ಒಂದು ಲೋಟ ಹಾಲು ಕುಡಿದರೆ ಗಂಟೆಯೊಳಗೆ ಹೊಟ್ಟೆ ಗುಡುಗುಡು, ವಾಯು, ಮತ್ತೆ ಕಕ್ಕಸಿಗೆ ಓಟ. ನೆಂಟರಲ್ಲಿ ಬೇಡ ಎಂದರೆ "ದನ ಸಾಕುವವನಿಗೆ ಹಾಲು ಆಗುದಿಲ್ವಾ?" ಎಂದು ನಗೆ. ಹುಳದ ಮದ್ದು, ಕಷಾಯ ಎಲ್ಲ ಆಯಿತು.

ವಿಷಯ ತಿಳಿದದ್ದು ಮೂಡಬಿದಿರೆಯಲ್ಲಿ ಡಾಕ್ಟರೊಬ್ಬರು ಬಿಡಿಸಿ ಹೇಳಿದ ಮೇಲೆ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಮೊಲೆಹಾಲು ಕುಡಿಯುವ ಪ್ರಾಯದಲ್ಲಿ ಬೇಕಾದಷ್ಟು ಇರ್ತದೆ, ಬೆಳೆದ ಹಾಗೆ ಹೆಚ್ಚಿನವರಲ್ಲಿ ಕಡಿಮೆಯಾಗ್ತದೆ. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಇಳಿದರೆ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಊಟ. ನಮ್ಮ ಗೋಬರ್ ಗ್ಯಾಸಿನ ಗುಂಡಿ ಇದ್ದ ಹಾಗೆ! ಲೋಕದಲ್ಲಿ ಬೆಳೆದವರ ಪೈಕಿ ಮೂರರಲ್ಲಿ ಎರಡು ಪಾಲು ಜನರಿಗೆ ಈ ಸಕ್ಕರೆ ಪೂರ್ತಿ ಜೀರ್ಣ ಆಗುವುದಿಲ್ಲವಂತೆ. ಇದು ರೋಗವೂ ಅಲ್ಲ, ಹಾಲಿನ ಅಲರ್ಜಿಯೂ ಅಲ್ಲ.

"ನಾಟಿ ದನದ್ದು ಕುಡಿ, ಸರಿಯಾಗ್ತದೆ" ಎಂದರು ಒಬ್ಬರು. ಮಲೆನಾಡು ಗಿಡ್ಡ ತಂದು ಕಟ್ಟಿದೆ. ಹೊಟ್ಟೆಯಲ್ಲಿ ಅದೇ ಗುಡುಗು. ಎ1, ಎ2 ಎಂಬುದು ಪ್ರೋಟೀನಿನ ವ್ಯತ್ಯಾಸ, ಸಕ್ಕರೆ ಎರಡರಲ್ಲೂ ಅಷ್ಟೇ. ನೀರಾವರಿ ಇಲ್ಲದ ನನ್ನ ಬೆಟ್ಟು ಜಾಗಕ್ಕೆ ಆ ದನ ಒಳ್ಳೆಯದೇ, ಮಾರಲಿಲ್ಲ. ಆದರೆ ಈ ತೊಂದರೆಗೆ ಮದ್ದು ಎಂದು ಹಾಲು ಮಾರುವುದು ಸರಿಯಲ್ಲ.

ನನಗೆ ಮಜ್ಜಿಗೆ ಆಗ್ತದೆ. ಹೆಪ್ಪು ಹಾಕಿದಾಗ ಸಕ್ಕರೆಯ ಒಂದು ಪಾಲು ಹುಳಿಯಾಗಿ ಹೋಗ್ತದೆ. ತುಪ್ಪದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಚಾಕ್ಕೆ ಹಾಕುವ ಹಾಲೂ ತೊಂದರೆ ಕೊಡುವುದಿಲ್ಲ. ತೆಂಗಿನಹಾಲಿನ ಪಾಯಸ ಧಾರಾಳ ಉಣ್ಣಬಹುದು, ಲ್ಯಾಕ್ಟೋಸ್ ಇಲ್ಲವೇ ಇಲ್ಲ. ಸುಣ್ಣದ ಅಂಶಕ್ಕೆ ರಾಗಿ, ಎಳ್ಳು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಇದೆ. ಒಂದು ಮಾತ್ರ: ಎಳೆಗೂಸಿಗೆ ಭೇದಿಯಾಯಿತೆಂದು ಮೊಲೆಹಾಲು ನಿಲ್ಲಿಸಬೇಡಿ. ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು ಕಂಡರೆ ಹಾಲಿನ ಮೇಲೆ ಹಾಕಿ ಕೂರದೆ ಡಾಕ್ಟರಲ್ಲಿಗೆ ಹೋಗಿ.

ಇಷ್ಟು ಬರೆಯಲು ಕಾರಣ ಮಗಳ ಮಗಳು. ಬೆಳ್ತಂಗಡಿ ತಾಲೂಕಿನ ಶಾಲೆಯೊಂದರಲ್ಲಿ ಐದನೇ ಕ್ಲಾಸು. 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಮಗುವಿಗೆ 18 ಗ್ರಾಂ ಹಾಲುಪುಡಿಯಿಂದ ಮಾಡಿದ 150 ಮಿ.ಲೀ. ಹಾಲು. ಒಳ್ಳೆಯ ಯೋಜನೆ, ನಮ್ಮ ಹಾಲಿಗೂ ಅದರಿಂದ ಗಿರಾಕಿ. ಹೆಚ್ಚಿನ ಮಕ್ಕಳಿಗೆ ಅಷ್ಟು ಹಾಲು ತೊಂದರೆ ಮಾಡುವುದಿಲ್ಲ. ಇವಳಿಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿದರೆ ನೋವು. ಶಾಲೆಯಲ್ಲಿ ಅದು ಪಾಠ ತಪ್ಪಿಸುವ ನಾಟಕ ಎಂದಾಯಿತು. ಮನೆಯಲ್ಲಿ ನಾವೂ ಗದರಿದೆವು. ನಾನು, ಅದೇ ಹೊಟ್ಟೆಯವನು, ಗದರಿದೆ!

ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಕೊಡುವ ಕ್ರಮ ಶಾಲೆಗಳಲ್ಲಿ ಬಂದಿದೆ. ಹಾಲು ಆಗದ ಮಗುವಿಗೂ ಹಾಗೆ ಒಂದು ದಾರಿ ಬೇಕು. ಮಜ್ಜಿಗೆಯಾದರೂ ಆದೀತು. ಕಳೆದ ತಿಂಗಳು ನಾನೇ ಹೋಗಿ ಟೀಚರಿಗೆ ಹೇಳಿದೆ. ಈಗ ಅವಳಿಗೆ ಊಟವಾದ ಮೇಲೆ ಅರ್ಧ ಲೋಟ. ನೋವಿಲ್ಲ ಅಂತಾಳೆ.