ಗಾಳಕ್ಕೂ ಒಂದು ಡಬ್ಬಿ ಬೇಕು



ನಾವು ಹುಡುಗರು ಘಟಪ್ರಭಾ ಹೊಳ್ಯಾಗ ಮೀನು ಹಿಡಿದು, ಗಾಳವನ್ನು ದಂಡಿಮ್ಯಾಲೆ ಒಗೆದು ಬರುತ್ತೇವೆ. ಹೋದ ತಿಂಗಳು ಅರಿವೆ ಒಗೆಯಲು ಹೋದ ನಮ್ಮವ್ವನ ಕಾಲಿಗೆ ಗಾಳ ಚುಚ್ಚಿತು. ಅದಕ್ಕೆ ಹಿಮ್ಮುಳ್ಳು ಇರುತ್ತದೆ. ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ. ಗೋಕಾಕದ ದವಾಖಾನ್ಯಾಗ ಕೊಯ್ದು ತೆಗೆದು, ಧನುರ್ವಾಯು ಆಗಬಾರದೆಂದು ಇಂಜೆಕ್ಷನ್ ಮಾಡಿದರು. ಯಾರ ಗಾಳ ಅಂತ ಅವ್ವ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ನಂದೇ.

ಮೀನು ಹಿಡಿಯೋದು ತಪ್ಪಲ್ಲ. ಆದರೆ ದಾರವನ್ನು ಕೋಲಿಗೆ ಸುತ್ತಬೇಕು. ಗಾಳ ಒರೆಸಿ, ಹಳೇ ಚಪ್ಪಲಿ ತುಂಡಿಗೆ ಚುಚ್ಚಿ ಡಬ್ಬ್ಯಾಗ ಇಡಬೇಕು. ನೈಲಾನ್ ದಾರ ಕೊಳೆಯುವುದಿಲ್ಲ, ಹಕ್ಕಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಹರಿದದ್ದನ್ನೂ ಮನೆಗೆ ತರಬೇಕು.

ಕುಡಗೋಲಿಗೆ ಮನ್ಯಾಗ ಜಾಗ ಐತಿ. ಗಾಳಕ್ಕ ಯಾಕ ಬ್ಯಾಡ?