ಕೆಂಪು ಬಿಲ್ಲೆಯೂ ಮನುಷ್ಯನ ಮನಸ್ಸೂ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದಾಗ, ವಚನ ಸಾಹಿತ್ಯವನ್ನೋ ಕಾವ್ಯಮೀಮಾಂಸೆಯನ್ನೋ ಕುರಿತು ಬರೆಯುವುದು ಗೌರವದ ದಾರಿಯೆಂದು ನನಗೂ ಗೊತ್ತಿತ್ತು. ಆದರೆ ಕೆಲವು ತಿಂಗಳಿಂದ ನನ್ನ ತಲೆಯನ್ನು ಕೊರೆಯುತ್ತಿರುವ ಪ್ರಶ್ನೆಯೊಂದಿದೆ. ಅದನ್ನು ಕೇಳಿದವರು ಪಂಡಿತರಲ್ಲ, ನನ್ನ ತಾಯಿ.

ನಮ್ಮದು ಹಾರೋಹಳ್ಳಿಯ ಹತ್ತಿರದ ಒಂದು ರೇಷ್ಮೆಯ ಮನೆ. ಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಅದರ ಹಸಿವಿಗೆ ಹಗಲು ರಾತ್ರಿಯೆಂಬುದಿಲ್ಲ. ಅಂಥ ಒಂದು ರಾತ್ರಿ, ಸೊಪ್ಪು ಹಾಕಿ ಬಂದು ಮತ್ತೆ ಹಾಕುವ ವೇಳೆಯನ್ನು ಕಾಯುತ್ತ, ನಾವಿಬ್ಬರೂ ಟೀವಿಯ ಮುಂದೆ ಕುಳಿತಿದ್ದೆವು. ಬರುತ್ತಿದ್ದುದು 2010ರ ‘ಎಂದಿರನ್’. ಶಂಕರ್ ನಿರ್ದೇಶಿಸಿದ ಈ ತಮಿಳು ಚಿತ್ರದಲ್ಲಿ ರಜನೀಕಾಂತರೇ ವಿಜ್ಞಾನಿ, ಅವರೇ ಯಂತ್ರಮಾನವ. ಕಥೆ ಬಹುಮಂದಿ ಮಿತ್ರರಿಗೆ ತಿಳಿದದ್ದೇ. ವಿಜ್ಞಾನಿ ವಶೀಕರನ್ ಚಿಟ್ಟಿಯೆಂಬ ಯಂತ್ರಮಾನವನನ್ನು ಮಾಡುತ್ತಾನೆ. ಅದಕ್ಕೆ ಮನುಷ್ಯನ ಭಾವನೆಗಳನ್ನು ಕಲಿಸುತ್ತಾನೆ. ಭಾವನೆ ಬಂದ ಯಂತ್ರ ವಿಜ್ಞಾನಿಯ ಪ್ರೇಯಸಿಯನ್ನೇ ಪ್ರೀತಿಸುತ್ತದೆ. ಕುಪಿತನಾದ ವಿಜ್ಞಾನಿ ಅದನ್ನು ಕಡಿದು ಎಸೆಯುತ್ತಾನೆ. ಬೋರಾ ಎಂಬ ದುಷ್ಟ ಅದನ್ನು ಎತ್ತಿ ತಂದು, ದುರಸ್ತಿ ಮಾಡಿ, ಒಂದು ಕೆಂಪು ಬಿಲ್ಲೆಯನ್ನು ಒಳಗಿಡುತ್ತಾನೆ. ಅಲ್ಲಿಂದ ಚಿಟ್ಟಿ ರಾಕ್ಷಸ.

ಅಮ್ಮ ಅದನ್ನೆಲ್ಲ ನೋಡಿ ಮುಗಿಸಿ, ಸೊಪ್ಪಿನ ಕುಕ್ಕೆ ಎತ್ತಿಕೊಳ್ಳುತ್ತ ಕೇಳಿದರು: “ಅಲ್ಲ ಕಣ್ಲಾ ಮಗ, ಆ ಕೆಂಪು ಬಿಲ್ಲೆ ಹಾಕ್ದೆ ಇದ್ದಿದ್ರೆ ಅವ್ನು ಒಳ್ಳೇವ್ನಾಗೇ ಇರ್ತಿದ್ನಾ? ಸಾಕ್ದೋನೇ ಕಡ್ದು ಎಸೆದಾಗ್ಲೇ ಅವ್ನ ಮನ್ಸು ಕೆಟ್ಟಿರ್ಬೇಕಲ್ವಾ?”

ನಾನು ನಕ್ಕುಬಿಟ್ಟೆ. ಆಮೇಲೆ ಯೋಚಿಸಿದಷ್ಟೂ ನಗು ಇಳಿದುಹೋಯಿತು. ವೈಜ್ಞಾನಿಕ ಕಥೆಗಳು ತೆರೆಯ ಮೇಲೆ ಬರುವಾಗ ಪದೇ ಪದೇ ಆಗುವ ದೋಷದ ಮೇಲೆಯೇ ಅಮ್ಮ ಬೆರಳಿಟ್ಟಿದ್ದರು. ಪಾತ್ರವೊಂದು ತನ್ನ ಅನುಭವದಿಂದ, ತನ್ನ ಆಯ್ಕೆಯಿಂದ ಬೆಳೆಯಬೇಕಾದ ಅಥವಾ ಕೆಡಬೇಕಾದ ಜಾಗದಲ್ಲಿ, ಚಿತ್ರ ತಯಾರಿಸುವವರು ಹೊರಗಿನಿಂದ ಒಂದು ಬಿಲ್ಲೆಯನ್ನು ತಂದು ಇಟ್ಟುಬಿಡುತ್ತಾರೆ. ಪಾಪವೆಲ್ಲ ಬಿಲ್ಲೆಗೆ ಸೇರುತ್ತದೆ, ಮನುಷ್ಯ ಪಾರಾಗುತ್ತಾನೆ. ಈ ಮಾತನ್ನು ಸಮರ್ಥಿಸುವುದಕ್ಕಾಗಿಯೇ ಈ ಲೇಖನ.

ಈ ಚಾಳಿ ನಮ್ಮ ದೇಶದಲ್ಲಿ ಹುಟ್ಟಿದ್ದಲ್ಲ, ಇಂದು ನಿನ್ನೆಯದೂ ಅಲ್ಲ. ಮೇರಿ ಷೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿ 1818ರಲ್ಲಿ ಪ್ರಕಟವಾಯಿತು. ಅದರಲ್ಲಿ ವಿಜ್ಞಾನಿ ಸೃಷ್ಟಿಸಿದ ಜೀವಿ ಹುಟ್ಟಿನಿಂದ ದುಷ್ಟನಲ್ಲ. ಅದು ಒಂದು ಬಡ ಕುಟುಂಬದ ಗುಡಿಸಲಿನ ಪಕ್ಕದಲ್ಲಿ ಅಡಗಿದ್ದು, ಅವರು ಮಾತನಾಡುವುದನ್ನು ಕೇಳಿ ಕೇಳಿ ಭಾಷೆ ಕಲಿಯುತ್ತದೆ. ಅವರಿಗೆ ತಿಳಿಯದಂತೆ ಸೌದೆ ತಂದು ಇಡುತ್ತದೆ. ಸಿಕ್ಕಿದ ಪುಸ್ತಕಗಳಲ್ಲಿ ಮಿಲ್ಟನ್ ಮಹಾಕವಿಯ ‘ಪ್ಯಾರಡೈಸ್ ಲಾಸ್ಟ್’ ಅನ್ನೂ ಓದುತ್ತದೆ. ಆ ಮನೆಯ ಕುರುಡ ಮುದುಕ ಅದರೊಡನೆ ಪ್ರೀತಿಯಿಂದ ಮಾತನಾಡುತ್ತಾನೆ. ಕಣ್ಣುಳ್ಳವರು ಬಂದು ಹೊಡೆದು ಓಡಿಸುತ್ತಾರೆ. ತನ್ನನ್ನು ಸೃಷ್ಟಿಸಿದವನೇ ಮುಖ ತಿರುಗಿಸಿ ಹೋದದ್ದು ಅದರ ಮೊದಲ ಗಾಯವಾದರೆ, ಇದು ಎರಡನೆಯದು. ಅದು ಕೊಲೆಗಡುಕನಾಗುವುದು ಇಷ್ಟೆಲ್ಲ ಆದ ಮೇಲೆ. ಓದುವ ನಮಗೆ ಅದರ ಮೇಲೆ ಭಯವೂ ಹುಟ್ಟುತ್ತದೆ, ಕರುಣೆಯೂ ಹುಟ್ಟುತ್ತದೆ. ಜೊತೆಗೆ, ತಪ್ಪು ಯಾರದು ಎಂಬ ಪ್ರಶ್ನೆ ನಮ್ಮನ್ನು ಬಿಡದೆ ಕಾಡುತ್ತದೆ.

1931ರಲ್ಲಿ ಜೇಮ್ಸ್ ವೇಲ್ ಎಂಬ ನಿರ್ದೇಶಕರು ಈ ಕಥೆಯನ್ನು ತೆರೆಗೆ ತಂದರು. ಅಲ್ಲಿ ಜೀವಿಗೆ ಮಾತೇ ಇಲ್ಲ. ಅದು ಕೆಡುವುದಕ್ಕೆ ಕಾರಣವನ್ನು ಬೇರೊಂದು ಕಡೆ ಇಟ್ಟಿದ್ದಾರೆ. ವಿಜ್ಞಾನಿಯ ಸಹಾಯಕ ಒಳ್ಳೆಯ ಮೆದುಳಿದ್ದ ಜಾಡಿಯನ್ನು ಕೈಜಾರಿ ಬೀಳಿಸಿ, ವಿಕಾರವಾದ ಮೆದುಳಿದ್ದ ಜಾಡಿಯನ್ನು ಹೊತ್ತು ತರುತ್ತಾನೆ. ನೂರಾರು ಪುಟಗಳ ಮನಸ್ಸಿನ ಕಥೆ ಒಂದು ಗಾಜಿನ ಜಾಡಿಯೊಳಗೆ ಮುಗಿದುಹೋಯಿತು! ಕೆಂಪು ಬಿಲ್ಲೆಯ ಅಜ್ಜ ಈ ಜಾಡಿಯೇ.

ಎರಡು ವರ್ಷಗಳ ತರುವಾಯ, 1933ರಲ್ಲಿ, ಅದೇ ನಿರ್ದೇಶಕರು ಎಚ್. ಜಿ. ವೆಲ್ಸ್ 1897ರಲ್ಲಿ ಬರೆದ ‘ದಿ ಇನ್‌ವಿಸಿಬಲ್ ಮ್ಯಾನ್’ ಕಾದಂಬರಿಯನ್ನು ಚಿತ್ರ ಮಾಡಿದರು. ವೆಲ್ಸ್‌ನ ಗ್ರಿಫಿನ್ ಅದೃಶ್ಯನಾಗುವ ಮೊದಲೇ ಹೃದಯಹೀನ. ಪ್ರಯೋಗದ ಖರ್ಚಿಗೆಂದು ತಂದೆಯ ಬಳಿಯಿದ್ದ ಹಣವನ್ನು ಕದಿಯುತ್ತಾನೆ. ಆ ಹಣ ಪರರದು. ತಂದೆ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಮಗನಿಗೆ ದುಃಖವೂ ಆಗುವುದಿಲ್ಲ. ಅದೃಶ್ಯತೆ ಅವನನ್ನು ಕೆಡಿಸಲಿಲ್ಲ, ಒಳಗಿದ್ದುದನ್ನು ಬಯಲು ಮಾಡಿತು, ಅಷ್ಟೆ. ನಮ್ಮ ಭಸ್ಮಾಸುರನ ಕಥೆಯ ತಿರುಳೂ ಇದೇ ಅಲ್ಲವೆ? ವರ ಅವನನ್ನು ಅಸುರನನ್ನಾಗಿ ಮಾಡಲಿಲ್ಲ. ವರ ಕೊಟ್ಟವನ ತಲೆಯ ಮೇಲೆಯೇ ಕೈಯಿಡಲು ಹೊರಟದ್ದು ಅವನದೇ ಬುದ್ಧಿ. ಚಿತ್ರದಲ್ಲಿ ಮಾತ್ರ ಗ್ರಿಫಿನ್‌ನಿಗೆ ಒಬ್ಬ ಪ್ರೇಯಸಿಯನ್ನು ಒದಗಿಸಿ, ಅವನು ಸೇವಿಸಿದ ಔಷಧವೇ ಅವನ ಬುದ್ಧಿಯನ್ನು ಕೆಡಿಸಿತೆಂದು ಹೇಳಲಾಗಿದೆ. ಒಮ್ಮೆ ಜಾಡಿ, ಮತ್ತೊಮ್ಮೆ ಔಷಧ, 2010ಕ್ಕೆ ಬಿಲ್ಲೆ. ವಸ್ತು ಬದಲಾಯಿತು, ಉಪಾಯ ಬದಲಾಗಲಿಲ್ಲ.

ನಮ್ಮ ನಾಡಿಗೆ ಬಂದರೆ ಅದೃಶ್ಯ ಮನುಷ್ಯ ಮತ್ತೊಂದು ತುದಿಗೆ ಹೋಗಿ ನಿಲ್ಲುತ್ತಾನೆ. 1987ರ ಹಿಂದಿ ಚಿತ್ರ ‘ಮಿಸ್ಟರ್ ಇಂಡಿಯಾ’ 1989ರಲ್ಲಿ ಅಂಬರೀಶರ ಅಭಿನಯದಲ್ಲಿ ‘ಜೈ ಕರ್ನಾಟಕ’ವಾಗಿ ಕನ್ನಡಕ್ಕೆ ಬಂತು. ಅನಾಥ ಮಕ್ಕಳನ್ನು ಸಾಕುವ ಸಜ್ಜನನ ಕೈಗೆ ಅದೃಶ್ಯನಾಗುವ ಸಾಧನ ಸಿಗುತ್ತದೆ. ಕಣ್ಣಿಗೆ ಬೀಳದ ಪ್ರೇಕ್ಷಣೀಯ ಸಾಹಸಗಳು ಮಕ್ಕಳಿಗೆ ಹಬ್ಬವೇ ಸರಿ. ನಾನೂ ಬಾಲ್ಯದಲ್ಲಿ ಚಪ್ಪಾಳೆ ತಟ್ಟಿದವನೇ. ಆದರೆ ಯಾರ ಕಣ್ಣಿಗೂ ಕಾಣದ ಮನುಷ್ಯನಿಗೆ ಒಂದು ಕ್ಷಣವಾದರೂ ಆಸೆ ಹುಟ್ಟಬೇಡವೆ? ಪರರ ಪೆಟ್ಟಿಗೆ ತೆರೆದಿರುವುದನ್ನು ಕಂಡು ಕೈ ಮುಂದೆ ಹೋಗಿ ಹಿಂದೆ ಬರಬೇಡವೆ? ಅಲ್ಲಿ ಅವನು ಮೊದಲೂ ಒಳ್ಳೆಯವನು, ಕೊನೆಗೂ ಒಳ್ಳೆಯವನು. ಪರೀಕ್ಷೆಗೆ ಕೂರದವನನ್ನು ಪ್ರಥಮ ದರ್ಜೆಯಲ್ಲಿ ತೇರ್ಗಡೆ ಮಾಡಿದಂತಾಯಿತು.

ಯಂತ್ರಮಾನವನಿಗೆ ಪ್ರೇಮ ಹುಟ್ಟುವ ಕಥೆಯೂ ಕನ್ನಡಕ್ಕೆ ಹೊಸದಲ್ಲ. ‘ಎಂದಿರನ್’ಗಿಂತ ಎಂಟು ವರ್ಷ ಮುಂಚೆ, 2002ರಲ್ಲಿ, ಉಪೇಂದ್ರರು ‘ಹಾಲಿವುಡ್’ ಚಿತ್ರದಲ್ಲಿ ಯಂತ್ರಮಾನವನಾಗಿ ಕಾಣಿಸಿಕೊಂಡಿದ್ದರು. ಯಂತ್ರಕ್ಕೆ ಮನಸ್ಸು ಬಂತೆಂದರೆ ಅದು ಮೊದಲು ಮಾಡಬೇಕಾದ ಕೆಲಸ ನಾಯಕಿಯನ್ನು ಪ್ರೀತಿಸುವುದೇ ಏಕೆ? ಮನಸ್ಸೆಂದರೆ ಅಷ್ಟೇ ಏನು? ನಾಚಿಕೆ, ಪಶ್ಚಾತ್ತಾಪ, ಸಾವಿನ ಭಯ ಇವು ಯಾವುವೂ ಮನಸ್ಸಲ್ಲವೆ?

ನ್ಯಾಯವಾಗಿ ಹೇಳಬೇಕಾದರೆ, ‘ಎಂದಿರನ್’ನಲ್ಲಿಯೇ ಇದಕ್ಕೆ ಉತ್ತರವಾಗಬಲ್ಲ ಒಂದು ದೃಶ್ಯವಿದೆ. ಬೆಂಕಿ ಹತ್ತಿದ ಕಟ್ಟಡದಿಂದ ಚಿಟ್ಟಿ ಸ್ನಾನ ಮಾಡುತ್ತಿದ್ದ ಹುಡುಗಿಯನ್ನು ಹಾಗೆಯೇ ಎತ್ತಿ ಜನರ ನಡುವೆ ತಂದು ನಿಲ್ಲಿಸುತ್ತದೆ. ಪ್ರಾಣ ಉಳಿಸಿದೆನೆಂಬುದೇ ಅದರ ಲೆಕ್ಕ. ಮಾನವೆಂದರೇನೆಂದು ಅದಕ್ಕೆ ತಿಳಿಯದು. ಹುಡುಗಿ ನಾಚಿಕೆಯಿಂದ ಓಡಿ, ವಾಹನಕ್ಕೆ ಸಿಕ್ಕಿ ಸಾಯುತ್ತಾಳೆ. ಎಂಥ ದೃಶ್ಯ! ಇಲ್ಲಿಂದ ಒಂದು ಪಾತ್ರ ಬೆಳೆಯಬಹುದಾಗಿತ್ತು. ತಾನು ಉಳಿಸಿದವಳು ತನ್ನಿಂದಲೇ ಸತ್ತಳೆಂಬುದನ್ನು ಆ ಯಂತ್ರ, ಭಾವನೆ ಬಂದ ಮೇಲೆ ಒಂದು ದಿನ ನೆನೆದು ನಡುಗಬಹುದಾಗಿತ್ತು. ಚಿತ್ರ ಆ ದಾರಿಯನ್ನು ಬಿಟ್ಟು ಪ್ರೇಮದ ಹಾದಿಗೆ, ಅಲ್ಲಿಂದ ಕೆಂಪು ಬಿಲ್ಲೆಗೆ ಹೊರಳಿತು.

ಮಿತ್ರರು ಕೆಲವರು ಆಕ್ಷೇಪಿಸಬಹುದು: “ಕಾದಂಬರಿಕಾರನಿಗೆ ಪುಟಗಳ ಮಿತಿಯಿಲ್ಲ, ಮನಸ್ಸಿನೊಳಗೆ ಇಣುಕಿ ಬರೆಯಬಹುದು. ಚಿತ್ರದವನಿಗೆ ಎರಡೂವರೆ ಗಂಟೆ. ಕಣ್ಣಿಗೆ ಕಾಣುವುದನ್ನಷ್ಟೇ ತೋರಿಸಬಲ್ಲ. ಹಳೆಯ ಅಚ್ಚನ್ನು ಬಳಸದೆ ಗತಿಯೇನು?” ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಹಳೆಯ ಅಚ್ಚೆಂದಮಾತ್ರಕ್ಕೆ ನನಗೂ ದ್ವೇಷವಿಲ್ಲ. ನಮ್ಮ ಊರುಗಳಲ್ಲಿ ‘ಕುರುಕ್ಷೇತ್ರ’ ನಾಟಕವನ್ನು ಎಷ್ಟು ಸಲ ಆಡಿಲ್ಲ! ದುರ್ಯೋಧನನ ಪ್ರವೇಶ, ಶಕುನಿಯ ನಗೆ ಎಲ್ಲವೂ ಬಾಯಿಪಾಠ. ಆದರೂ ಬೆಳಗಿನ ಜಾವದವರೆಗೆ ಜನ ಕೂತಿರುತ್ತಾರೆ. ಏಕೆಂದರೆ ಶಕುನಿ ಎಷ್ಟೇ ಕಿವಿಯೂದಲಿ, ಐದು ಊರುಗಳನ್ನೂ ಕೊಡೆನೆನ್ನುವ ನಾಲಿಗೆ ದುರ್ಯೋಧನನದೇ. ಆ ಹೊಣೆಯನ್ನು ಯಾವ ಕವಿಯೂ ಅವನಿಂದ ಕಿತ್ತುಕೊಳ್ಳಲಿಲ್ಲ. ಅಚ್ಚು ಹಳೆಯದಾದರೆ ದೋಷವಿಲ್ಲ. ಅದು ಹೊಣೆ ತಪ್ಪಿಸುವ ಕಳ್ಳಗಂಡಿಯಾದರೆ ದೋಷ.

ಚಿತ್ರದಿಂದ ಸಾಧ್ಯವಿಲ್ಲವೆಂಬ ಮಾತಿಗೆ ಉತ್ತರ ಕೊಟ್ಟವರು ಮತ್ತಾರೂ ಅಲ್ಲ, ಅದೇ ಜೇಮ್ಸ್ ವೇಲ್. 1935ರಲ್ಲಿ ಅವರು ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಎಂಬ ಮುಂದಿನ ಚಿತ್ರವನ್ನು ಮಾಡಿದರು. ಅದರಲ್ಲಿ ಕಾಡಿನ ಗುಡಿಸಲಿನಲ್ಲಿರುವ ಕುರುಡ ಸಂನ್ಯಾಸಿಯೊಬ್ಬ ಆ ಜೀವಿಗೆ ಊಟ ಕೊಡುತ್ತಾನೆ, ‘ಗೆಳೆಯ’, ‘ಒಳ್ಳೆಯದು’ ಎಂಬ ಮಾತುಗಳನ್ನು ಕಲಿಸುತ್ತಾನೆ. ನಾಲ್ಕು ವರ್ಷಗಳ ಹಿಂದೆ ಕಿತ್ತುಕೊಂಡಿದ್ದ ನಾಲಿಗೆಯನ್ನು ನಿರ್ದೇಶಕರು ತಾವೇ ಹಿಂದಿರುಗಿಸಿದರು. ಆ ದೃಶ್ಯಕ್ಕೆ ಹಿಡಿಯುವುದು ಕೆಲವೇ ನಿಮಿಷ. ಆದುದರಿಂದ ಕೊರತೆ ಕಾಲದ್ದಲ್ಲ, ಮನಸ್ಸಿನದು.

ಕನ್ನಡದಲ್ಲಿ ಇಂಥ ಪಾತ್ರಗಳಿಗೆ ಬಡತನವಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂತು. ರಾಕೆಟ್ಟು, ಯಂತ್ರಮಾನವ ಯಾವುದೂ ಇಲ್ಲದಿದ್ದರೂ ವಿಜ್ಞಾನವೇ ಅದರ ಉಸಿರು. ಅದರ ವಿಜ್ಞಾನಿ ಹುಚ್ಚನೂ ಅಲ್ಲ, ದೇವರೂ ಅಲ್ಲ. ಜೇನು ಹಿಡಿಯುವ ಮಂದಣ್ಣನನ್ನು ಊರೆಲ್ಲ ಅಪ್ರಯೋಜಕನೆಂದು ತಿಳಿದಾಗ, ಅವನಲ್ಲಿ ಹುಟ್ಟು ವಿಜ್ಞಾನಿಯನ್ನು ಕಾಣುವವರು ಕರ್ವಾಲೊ. ಕಥೆ ಹೇಳುವಾತನೂ ಮೊದಲು ಮಂದಣ್ಣನನ್ನು ಹಗುರವಾಗಿ ಕಂಡು, ಬರಬರುತ್ತ ತನ್ನ ಕಣ್ಣನ್ನೇ ತಿದ್ದಿಕೊಳ್ಳುತ್ತಾನೆ. ಎಲ್ಲರೂ ಅರಸಿ ಹೋದ ಹಾರುವ ಓತಿ ಕೊನೆಗೆ ಕೈಗೆ ಸಿಗದೆ ಪ್ರಪಾತದ ಕಡೆಗೆ ತೇಲಿಹೋಗುತ್ತದೆ. ಇದನ್ನು ತೆರೆಗೆ ತರುವ ಭಾರ ನಮ್ಮ ಸವೆದ ಅಚ್ಚಿನವರ ಕೈಗೆ ಬಿದ್ದರೆ ಏನಾದೀತೆಂದು ಊಹಿಸಿರಿ! ಓತಿಯನ್ನು ಕದಿಯಲು ಒಬ್ಬ ವಿದೇಶಿ ಖಳನಾಯಕ ಬಂದಾನು, ಕರ್ವಾಲೊ ಅವರಿಗೆ ಕೆದರಿದ ಬಿಳಿ ಕೂದಲು ಬಂದೀತು, ಮಂದಣ್ಣ ಕೊನೆಯ ಹೊಡೆದಾಟದಲ್ಲಿ ಗೆದ್ದಾನು, ಓತಿಯೂ ಸಿಕ್ಕೀತು. ಸಿಗದೆ ಹೋದದ್ದರಿಂದಲೇ ಆ ಮನುಷ್ಯರು ದೊಡ್ಡವರಾದರೆಂಬುದು ಮಾತ್ರ ಎಲ್ಲಿಯೂ ಇರಲಾರದು.

ಇದು ಬರಿಯ ಸಿನಿಮಾದ ರುಚಿಯ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಕಳೆದ ವರ್ಷ ನನ್ನ ವಿದ್ಯಾರ್ಥಿವೇತನ ಬರಲಿಲ್ಲ. ವಿಚಾರಿಸಲು ಒಂದು ಕಚೇರಿಗೆ ಮೂರು ಸಲ ಹೋದೆ. ಮೂರು ಸಲವೂ ಬಂದ ಉತ್ತರ ಒಂದೇ: “ಕಂಪ್ಯೂಟರ್ ತಗೊಳ್ತಿಲ್ಲ.” ನಾಲ್ಕನೆಯ ಸಲ ತಿಳಿಯಿತು: ನನ್ನ ತಂದೆಯ ಹೆಸರಿನಲ್ಲಿ ಒಂದಕ್ಷರವನ್ನು ಯಾರೋ ತಪ್ಪಾಗಿ ಒತ್ತಿದ್ದರು. ಒತ್ತಿದ ಬೆರಳು ಮನುಷ್ಯನದು, ಬೈಸಿಕೊಂಡದ್ದು ಯಂತ್ರ. ನಾಚಿಕೆಯ ಸಂಗತಿಯೆಂದರೆ, ಮೊದಲ ಮೂರು ಸಲ ನಾನೂ ಆ ಮಾತನ್ನು ನಂಬಿ, ತಲೆಯಾಡಿಸಿ, ಬಸ್ಸು ಹತ್ತಿ ಬಂದಿದ್ದೆ. ಕೆಂಪು ಬಿಲ್ಲೆಯನ್ನು ನಂಬಿ ನಂಬಿ ನಮಗೆ ಅದೇ ಅಭ್ಯಾಸವಾಗಿದೆ. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ನಮ್ಮ ಗೆಳೆಯರು ಪಾಳಿಯ ಮೇಲೆ ಕೆಲಸಕ್ಕೆ ಹೋಗುತ್ತಾರೆ. ಇನ್ನು ಮುಂದೆ ಯಂತ್ರಗಳು ಹೆಚ್ಚುವುವೇ ಹೊರತು ಕಡಮೆಯಾಗಲಾರವು. ಯಂತ್ರ ಕೆಟ್ಟಿತೆಂದಾಗ, ಅದನ್ನು ಮಾಡಿದವನಾರು, ನಡೆಸಿದವನಾರು, ಲಾಭ ಯಾರಿಗೆ ಹೋಯಿತೆಂದು ಕೇಳುವ ಬುದ್ಧಿ ನಮಗಿರಬೇಕು. ಆ ಬುದ್ಧಿಯನ್ನು ಕಲಿಸಬಲ್ಲುದು ವೈಜ್ಞಾನಿಕ ಕಥೆ, ಮರೆಸಬಲ್ಲುದೂ ಅದೇ.

ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ವಿಜ್ಞಾನದ ಗೊಡವೆ ಏಕೆಂದು ಯಾರೂ ಭಾವಿಸಬಾರದು. ಯಂತ್ರ ಹೇಗೆ ಓಡುತ್ತದೆಂಬುದನ್ನು ವಿಜ್ಞಾನದವರು ಹೇಳಲಿ. ಅದರ ಮುಂದೆ ನಿಂತ ಮನುಷ್ಯ ಹೇಗೆ ನಡೆಯುತ್ತಾನೆಂಬುದನ್ನು ನೋಡುವ ಕೆಲಸ ನಮ್ಮದು. ಚಿತ್ರಮಂದಿರದಲ್ಲಾಗಲಿ ಕೈಯೊಳಗಿನ ಮೊಬೈಲಿನಲ್ಲಾಗಲಿ ಇಂಥ ಚಿತ್ರವೊಂದನ್ನು ನೋಡಿದಾಗ, ಈತ ಕೆಟ್ಟದ್ದು ಬಿಲ್ಲೆಯಿಂದಲೋ ತನ್ನಿಂದಲೋ ಎಂದು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು.

ನಮ್ಮ ಮನೆಯಲ್ಲಿ ಹುಳು ನಾಲ್ಕು ಜ್ವರ ಕಳೆಯದೆ ಹಣ್ಣಾಗುವುದಿಲ್ಲ. ಪ್ರತಿ ಜ್ವರದಲ್ಲಿಯೂ ಅದು ಮೇವು ಬಿಟ್ಟು, ತಲೆಯೆತ್ತಿ ಅಲುಗದೆ ನಿಂತು, ಹಳೆಯ ಚರ್ಮವನ್ನು ತಾನೇ ಕಳಚಿ ಹೊರಗೆ ಬರಬೇಕು. ಅವಸರಪಟ್ಟು ಯಾರೂ ಅದನ್ನು ಸುಲಿದು ಬೆಳೆಸಲಾರರು. ಚಂದ್ರಿಕೆಯ ಮೇಲೆ ಗೂಡು ಕಟ್ಟುವ ನೂಲು ಅದರ ಒಡಲಿನದೇ. ಹೊರಗಿನಿಂದ ತಂದು ಸುತ್ತಿದ್ದಲ್ಲ. ಪಾತ್ರಪೋಷಣೆಯ ವಿಷಯದಲ್ಲಿ ನನಗೆ ತಿಳಿದದ್ದು ಇಷ್ಟೇ. ಇದನ್ನೂ ಅಮ್ಮನಿಗೆ ಓದಿ ಹೇಳಿದೆ. “ಅದ್ಕೆ ಇಷ್ಟುದ್ದ ಬರೀಬೇಕಿತ್ತಾ?” ಎಂದರು.