ಅಂಗನವಾಡಿಯೋ, ಎಲ್‌ಕೆಜಿಯೋ? ಶಾಲಾಪೂರ್ವ ಶಿಕ್ಷಣದ ಗುಣಮಟ್ಟ ಕುರಿತು ಒಂದು ಅವಲೋಕನ

ಮೂರರಿಂದ ಆರು ವರ್ಷದೊಳಗಿನ ಮಗುವನ್ನು ಎಲ್ಲಿಗೆ ಸೇರಿಸಬೇಕೆಂಬ ಪ್ರಶ್ನೆಯು ರಾಜ್ಯದಲ್ಲಿ ಕೆಲವು ವರ್ಷಗಳಿಂದ ವ್ಯಾಪಕ ಚರ್ಚೆಗೆ ಒಳಪಟ್ಟಿದೆ. 2024ರ ಜೂನ್ ತಿಂಗಳಿನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತರಗತಿಗಳನ್ನು ತೆರೆಯುವ ಕ್ರಮಕ್ಕೆ ಅಂಗನವಾಡಿ ಕಾರ್ಯಕರ್ತೆಯರು ವಿರೋಧ ವ್ಯಕ್ತಪಡಿಸಿದರು. ಮಕ್ಕಳು ಶಾಲೆಯ ಕಡೆಗೆ ಹೋದಲ್ಲಿ ಅಂಗನವಾಡಿ ಕೇಂದ್ರಗಳು ಬರಿದಾಗುವುವೆಂಬುದು ಅವರ ಆತಂಕವಾಗಿತ್ತು. ಮರು ತಿಂಗಳಿನಲ್ಲಿಯೇ ಬೆಂಗಳೂರಿನ 250 ಅಂಗನವಾಡಿ ಕೇಂದ್ರಗಳಲ್ಲಿ ಸರ್ಕಾರಿ ಮಾಂಟೆಸ್ಸರಿ ತರಗತಿಗಳಿಗೆ ಚಾಲನೆ ನೀಡಲಾಯಿತು. ಈ ಚರ್ಚೆಯಲ್ಲಿ ಫಲಕದ ಮೇಲಿನ ಹೆಸರಿಗೆ ದೊರೆತಷ್ಟು ಗಮನ ಕೊಠಡಿಯ ಒಳಗೆ ನಡೆಯುವ ಕಾರ್ಯಕ್ಕೆ ದೊರೆತಿಲ್ಲವೆಂದೇ ಹೇಳಬೇಕಾಗುತ್ತದೆ.

ಹಿನ್ನೆಲೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದಿನಾಂಕ 2-10-1975ರಂದು ದೇಶದ 33 ಬ್ಲಾಕ್‌ಗಳಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡಿತು. ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ 100 ಅಂಗನವಾಡಿ ಕೇಂದ್ರಗಳೊಂದಿಗೆ ಪ್ರಾರಂಭವಾದ ಈ ಯೋಜನೆಯು ಇಂದು 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿಗೆ ವಿಸ್ತರಿಸಿದೆ. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಮಾಹಿತಿ ಸೇವೆ, ಪೌಷ್ಟಿಕ ಮತ್ತು ಆರೋಗ್ಯ ಶಿಕ್ಷಣ ಹಾಗೂ ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳನ್ನು ಯೋಜನೆಯಡಿ ಒದಗಿಸಲಾಗುತ್ತಿದೆ. ಆರರಲ್ಲಿ ಶಿಕ್ಷಣವು ಒಂದು ಮಾತ್ರ. ಅಂಗನವಾಡಿ ಎಂದರೆ ಊಟ ಹಾಕುವ ಸ್ಥಳ, ಕಲಿಕೆಗೆ ಬೇರೆಡೆ ಹಣ ತೆರಬೇಕು ಎಂಬ ಭಾವನೆ ಪಾಲಕರಲ್ಲಿ ಬೇರೂರಲು ಇದೂ ಒಂದು ಕಾರಣ.

ಕಾನೂನಿನ ಸ್ಥಿತಿಯೂ ಗಮನಾರ್ಹವಾಗಿದೆ. ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಆರನೇ ವರ್ಷದಿಂದ ಆರಂಭವಾಗುತ್ತದೆ. ಅದಕ್ಕೂ ಮುಂಚಿನ ವಯಸ್ಸಿನವರಿಗೆ ಸಂಬಂಧಿಸಿದ ಸಂವಿಧಾನದ 45ನೇ ಅನುಚ್ಛೇದವು ರಾಜ್ಯ ನೀತಿ ನಿರ್ದೇಶಕ ತತ್ವಗಳ ಭಾಗವಾಗಿದ್ದು, ನ್ಯಾಯಾಲಯದ ಮೂಲಕ ನೇರವಾಗಿ ಜಾರಿಗೊಳಿಸತಕ್ಕದ್ದಲ್ಲ. ಆದಾಗ್ಯೂ ಸರ್ವೋಚ್ಚ ನ್ಯಾಯಾಲಯವು ಆಹಾರದ ಹಕ್ಕಿನ ಪ್ರಕರಣದಲ್ಲಿ 2006ರ ಡಿಸೆಂಬರ್‌ನಲ್ಲಿ ನೀಡಿದ ಆದೇಶದಂತೆ, ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದ ಜನವಸತಿಯ ನಿವಾಸಿಗಳು ಬೇಡಿಕೆ ಸಲ್ಲಿಸಿ ಕೇಂದ್ರವನ್ನು ಪಡೆಯಲು ಅರ್ಹರಾಗಿರುತ್ತಾರೆ. ಕೊಳಚೆ ಪ್ರದೇಶಗಳ ಹಾಗೂ ಹೊಸ ಬಡಾವಣೆಗಳ ನಿವಾಸಿಗಳಿಗೆ ಇದು ಪ್ರಯೋಜನಕಾರಿಯಾದ ಅಂಶ.

ಗುಣಮಟ್ಟದ ಅಳತೆ

ಆರಂಭಿಕ ಬಾಲ್ಯಾವಸ್ಥೆಯ ಆರೈಕೆ ಮತ್ತು ಶಿಕ್ಷಣದ ರಾಷ್ಟ್ರೀಯ ನೀತಿ, 2013 ಮತ್ತು ಅದರೊಂದಿಗಿನ ಗುಣಮಟ್ಟದ ಮಾನದಂಡಗಳ ಪ್ರಕಾರ 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ವಿಸ್ತೀರ್ಣದ ಕೊಠಡಿ, ಹೊರಗೆ ಆಟಕ್ಕಾಗಿ 30 ಚದರ ಮೀಟರ್ ಜಾಗ, ದಿನಕ್ಕೆ ನಾಲ್ಕು ಗಂಟೆಗಳ ಅವಧಿ, ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಹಾಗೂ ಮೂರು ವರ್ಷದೊಳಗಿನ 10 ಮಕ್ಕಳಿಗೆ ತಲಾ ಒಬ್ಬ ವಯಸ್ಕರು ಇರತಕ್ಕದ್ದು. 35 ಚದರ ಮೀಟರ್ ಎಂದರೆ 21 ಅಡಿ ಉದ್ದ, 18 ಅಡಿ ಅಗಲದ ಒಂದು ಕೊಠಡಿ. ಪ್ರತಿ ಮಗುವಿಗೆ ಸುಮಾರು ಹನ್ನೆರಡೂವರೆ ಚದರ ಅಡಿ ಬಂದಂತಾಯಿತು. ಇದು ವೈಭವದ ಬೇಡಿಕೆಯಲ್ಲ, ಒಂದು ಮಗು ಚಾಪೆಯ ಮೇಲೆ ಕೈಕಾಲು ಆಡಿಸಿ ಕುಳಿತುಕೊಳ್ಳಲು ಬೇಕಾಗುವ ಸ್ಥಳ. ನಗರ ಪ್ರದೇಶದ ಬಾಡಿಗೆ ಕೊಠಡಿಗಳಲ್ಲಿ ಅಡುಗೆ, ದಾಸ್ತಾನು ಹಾಗೂ ಕಲಿಕೆ ಒಂದೇ ಸೂರಿನಡಿ ನಡೆಯುವ ಕಡೆ ಇಷ್ಟೂ ದೊರೆಯುವುದು ಕಷ್ಟ. ಮನೆಯ ಮಹಡಿಯಲ್ಲಿ ನಡೆಸುವ ಅನೇಕ ಖಾಸಗಿ ನರ್ಸರಿಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಅಲ್ಲಿ ಗೋಡೆಗೆ ಚಿತ್ರಗಳಿರುತ್ತವೆ, ಆದರೆ ಅಂಗಳವಿರುವುದಿಲ್ಲ.

ಸಮಯದ ಲೆಕ್ಕವು ಇನ್ನೂ ಮುಖ್ಯವಾದುದು. 2023ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ‘ಪೋಷಣ್ ಭಿ ಪಢಾಯಿ ಭಿ’ ಕಾರ್ಯಕ್ರಮದನ್ವಯ ಪ್ರತಿದಿನ ಕನಿಷ್ಠ ಎರಡು ಗಂಟೆಗಳ ಕಾಲ ಶಾಲಾಪೂರ್ವ ಶಿಕ್ಷಣ ನೀಡಬೇಕಾಗಿದೆ. ಅದೇ ಕಾರ್ಯಕರ್ತೆಯು ತೂಕ ದಾಖಲಿಸಬೇಕು, ವಹಿಗಳನ್ನು ನಿರ್ವಹಿಸಬೇಕು, ಪೋಷಣ್ ಟ್ರ್ಯಾಕರ್ ತಂತ್ರಾಂಶದಲ್ಲಿ ವಿವರ ಸೇರಿಸಬೇಕು, ಮನೆಗೆ ಕೊಂಡೊಯ್ಯುವ ಪಡಿತರಕ್ಕೆ ಫಲಾನುಭವಿಯ ಮುಖ ಗುರುತಿಸುವಿಕೆ ಮಾಡಬೇಕು. ಮೊಬೈಲ್ ಸಂಪರ್ಕ ದುರ್ಬಲವಿರುವ ಗ್ರಾಮದಲ್ಲಿ ಈ ಕೆಲಸಕ್ಕೆ ವ್ಯಯವಾಗುವ ಪ್ರತಿ ನಿಮಿಷವೂ ಮಕ್ಕಳ ಎರಡು ಗಂಟೆಯಿಂದಲೇ ಕಡಿತವಾಗುತ್ತದೆ. ಕೇಂದ್ರಕ್ಕೆ ಹೊಸ ಹೆಸರು, ಹೊಸ ಸಮವಸ್ತ್ರ, ಹೊಸ ಪೀಠೋಪಕರಣಗಳನ್ನು ನೀಡಿದರೂ ಈ ಲೆಕ್ಕವು ಬದಲಾಗುವುದಿಲ್ಲ. ಕಾರ್ಯಕರ್ತೆಯ ಕೈ ಬಿಡುವಾಗದ ಹೊರತು ಮಾಂಟೆಸ್ಸರಿ ಎಂಬುದು ಫಲಕದಲ್ಲಿಯೇ ಉಳಿಯುವ ಸಂಭವವಿದೆ.

ಪಾಲಕರು ಗಮನಿಸಬಹುದಾದ ಅಂಶಗಳು

ಮಗುವನ್ನು ದಾಖಲಿಸುವ ಮುನ್ನ ಪಾಲಕರು ಒಂದು ಬೆಳಗಿನ ಹೊತ್ತು ಕೇಂದ್ರದಲ್ಲಿ ಕುಳಿತು ನೋಡುವುದು ಸೂಕ್ತ. ಮಕ್ಕಳು ಮಾತನಾಡುತ್ತಿರುವರೇ ಅಥವಾ ಬಾಯಿಯ ಮೇಲೆ ಬೆರಳಿಟ್ಟು ಕುಳಿತಿರುವರೇ ಎಂಬುದು ಮೊದಲ ಸೂಚನೆ. ಮೂರೂವರೆ ವರ್ಷದ ಮಗುವಿನ ಪುಸ್ತಕದಲ್ಲಿ ಪುಟಗಟ್ಟಲೆ ಅಕ್ಷರ ತಿದ್ದಿಸಿದ್ದರೆ ಅದನ್ನು ಪ್ರಗತಿಯೆಂದು ಭಾವಿಸತಕ್ಕದ್ದಲ್ಲ. ಆ ವಯಸ್ಸಿನ ಬೆರಳುಗಳಿಗೆ ಮಣಿ ಪೋಣಿಸುವುದು, ಮಣ್ಣು ಕಲಸುವುದು, ಕಾಗದ ಹರಿಯುವುದು ಬರವಣಿಗೆಗೆ ಪೂರ್ವಸಿದ್ಧತೆಯಾಗಿದೆ. ರಾಜ್ಯದ ಅಂಗನವಾಡಿಗಳಲ್ಲಿ ಬಳಕೆಯಲ್ಲಿರುವ ‘ಚಿಲಿಪಿಲಿ’ ಚಟುವಟಿಕೆ ಪುಸ್ತಕವೂ ಆಟ, ಹಾಡು, ಕಥೆಗಳ ಮೂಲಕವೇ ಕಲಿಕೆಯನ್ನು ರೂಪಿಸುತ್ತದೆ. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಅಥವಾ ಕೊಂಕಣಿ ಮಾತನಾಡುವ ಮಗುವಿಗೆ ಬಾಯಾರಿಕೆಯನ್ನು ತನ್ನ ಮಾತಿನಲ್ಲಿ ಹೇಳಲು ಅವಕಾಶವಿದೆಯೇ ಎಂಬುದನ್ನೂ ನೋಡಬೇಕು. ತಾಂಡಾದ ಕೇಂದ್ರದಲ್ಲಿ ಅಲ್ಲಿಯವರೇ ಆದ ಸಹಾಯಕಿಯೊಬ್ಬರಿದ್ದರೆ ಮಗುವಿನ ಮೊದಲ ತಿಂಗಳ ಅಳು ಅರ್ಧ ಕಡಿಮೆಯಾಗುತ್ತದೆ. ಇಂಗ್ಲಿಷ್ ಪದ್ಯ ಹೇಳಿಸುವ ದುಬಾರಿ ನರ್ಸರಿಗಳು ಈ ಅಂಶವನ್ನು ಪರಿಗಣಿಸುವುದು ವಿರಳ.

ಪೌಷ್ಟಿಕತೆಯನ್ನು ಶಿಕ್ಷಣದಿಂದ ಬೇರ್ಪಡಿಸಿ ನೋಡಲಾಗದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಹೊಂದಿರಲಿಲ್ಲ, ಶೇ. 32.9ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ತೂಕ ಹೊಂದಿರಲಿಲ್ಲ. ಆರು ತಿಂಗಳು ಮೇಲ್ಪಟ್ಟ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹೀಗಿರುವಲ್ಲಿ ಬಿಸಿಯೂಟ, ಮೊಟ್ಟೆ ಹಾಗೂ 2013ರಿಂದ ಕ್ಷೀರಭಾಗ್ಯ ಯೋಜನೆಯಡಿ ನೀಡುತ್ತಿರುವ ಹಾಲನ್ನು ಬಿಟ್ಟುಕೊಟ್ಟು, ಶುಲ್ಕ ತೆತ್ತು, ಡಬ್ಬಿಯಲ್ಲಿ ಬಿಸ್ಕತ್ತು ಕಳುಹಿಸುವ ವಿನಿಮಯವು ಎಷ್ಟರಮಟ್ಟಿಗೆ ಲಾಭದಾಯಕವೆಂಬುದನ್ನು ಕುಟುಂಬವು ಆಲೋಚಿಸಬೇಕಾಗಿದೆ. ಮಗುವಿನ ತೂಕದ ಬೆಳವಣಿಗೆ ನಕ್ಷೆಯನ್ನು ತೋರಿಸುವಂತೆ ಕಾರ್ಯಕರ್ತೆಯನ್ನು ಕೇಳಲು ಪಾಲಕರು ಹಿಂಜರಿಯಬೇಕಾಗಿಲ್ಲ.

ವಯಸ್ಸಿನ ಲೆಕ್ಕ

ಒಂದನೇ ತರಗತಿಯ ದಾಖಲಾತಿಗೆ ಜೂನ್ 1ಕ್ಕೆ ಆರು ವರ್ಷ ಪೂರ್ಣಗೊಂಡಿರಬೇಕೆಂದು 2022ರಲ್ಲಿ ಆದೇಶಿಸಲಾಗಿತ್ತು. ಇದು 2025-26ನೇ ಸಾಲಿನಿಂದ ಜಾರಿಗೆ ಬರಬೇಕಿದ್ದು, 2025ರ ಏಪ್ರಿಲ್‌ನಲ್ಲಿ ಪಾಲಕರ ಮನವಿಯ ಮೇರೆಗೆ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಆ ಒಂದು ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಈ ಗೊಂದಲದ ಮೂಲವು ನರ್ಸರಿ ಹಂತದಲ್ಲಿಯೇ ಇದೆ. ಮೂರು ವರ್ಷ ತುಂಬಿದೊಡನೆ ಎಲ್‌ಕೆಜಿಗೆ ಸೇರಿದ ಮಗು ಐದು ವರ್ಷ ತುಂಬುವ ಹೊತ್ತಿಗೆ ಯುಕೆಜಿ ಮುಗಿಸುತ್ತದೆ. ಮುಂದೆ ಒಂದು ವರ್ಷ ಕಾಯಬೇಕು ಅಥವಾ ಅದೇ ತರಗತಿಗೆ ಎರಡನೇ ಬಾರಿ ಶುಲ್ಕ ತೆರಬೇಕು. ಮೂರನೇ ವರ್ಷದಲ್ಲಿ ಅಂಗನವಾಡಿ, ನಾಲ್ಕು ಪೂರ್ಣಗೊಂಡ ನಂತರ ಎಲ್‌ಕೆಜಿ ಎಂಬ ಕ್ರಮವನ್ನು ಅನುಸರಿಸಿದಲ್ಲಿ ಈ ತೊಂದರೆ ಉದ್ಭವಿಸುವುದಿಲ್ಲ.

ದಾಖಲಾತಿ ಮತ್ತು ದೂರು

ಅಂಗನವಾಡಿ ದಾಖಲಾತಿಗೆ ಯಾವುದೇ ಶುಲ್ಕವಿಲ್ಲ. ಜನನ ಪ್ರಮಾಣ ಪತ್ರ ಅಥವಾ ತಾಯಿ ಕಾರ್ಡ್‌ನೊಂದಿಗೆ ವಾಸಸ್ಥಳದ ಕೇಂದ್ರದ ಕಾರ್ಯಕರ್ತೆಯನ್ನು ಸಂಪರ್ಕಿಸಬಹುದು. ಮಗುವಿನ ಹೆಸರಿನಲ್ಲಿ ಆಧಾರ್ ಇಲ್ಲವೆಂಬ ಕಾರಣಕ್ಕೆ ಸೇವೆಯನ್ನು ನಿರಾಕರಿಸುವಂತಿಲ್ಲ. ತಾಯಿಯ ಆಧಾರ್ ಸಾಕಾಗುತ್ತದೆ. ದುಡಿಯುವ ತಾಯಂದಿರ ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗಾಗಿ ಪಾಲನಾ ಯೋಜನೆಯಡಿ ಆಯ್ದ ಕೇಂದ್ರಗಳಲ್ಲಿ ಶಿಶುಪಾಲನಾ ಸೌಲಭ್ಯವಿದ್ದು, ಸಮೀಪದಲ್ಲಿ ಲಭ್ಯವಿದೆಯೇ ಎಂಬುದನ್ನು ವಿಚಾರಿಸಿಕೊಳ್ಳತಕ್ಕದ್ದು.

ಆಹಾರದ ಗುಣಮಟ್ಟ, ಕೇಂದ್ರವು ಮುಚ್ಚಿರುವುದು, ಶೌಚಾಲಯ ಅಥವಾ ಕುಡಿಯುವ ನೀರಿನ ಕೊರತೆ ಕುರಿತ ದೂರುಗಳನ್ನು ಮೊದಲಿಗೆ ಕೇಂದ್ರದ ಬಾಲವಿಕಾಸ ಸಮಿತಿಯ ಗಮನಕ್ಕೆ ತರಬಹುದು. ಪಾಲಕರೂ ಈ ಸಮಿತಿಯ ಸದಸ್ಯರಾಗಲು ಅವಕಾಶವಿದೆ. ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ವಲಯ ಮೇಲ್ವಿಚಾರಕಿಯರಿಗೆ, ತದನಂತರ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಸರ್ಕಾರಿ ಅಥವಾ ಖಾಸಗಿ ಯಾವುದೇ ಕೇಂದ್ರದಲ್ಲಿ ಮಗುವಿಗೆ ಹೊಡೆತ ಅಥವಾ ಕಿರುಕುಳ ಉಂಟಾದಲ್ಲಿ ಉಚಿತ ಮಕ್ಕಳ ಸಹಾಯವಾಣಿ 1098ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು.